ವೈರಸ್ ವಿರೋಧಿ ಔಷಧ ಮತ್ತು ಹೃದಯ: ರೋಗಿಯ ಮನೆಯವರು ತಿಳಿದಿರಬೇಕಾದ ವಿಷಯ

ಕೋವಿಡ್‌ನ ಎರಡನೇ ಅಲೆಯ ದಿನಗಳನ್ನು, 2021ರ ಏಪ್ರಿಲ್ ಮತ್ತು ಮೇ ತಿಂಗಳನ್ನು, ನಮ್ಮಲ್ಲಿ ಯಾರೂ ಮರೆತಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಎಷ್ಟೋ ಮನೆಗಳವರು ರೋಗಿಯನ್ನು ಮೈಸೂರಿಗೆ ಕರೆದೊಯ್ದರು. ರೋಗಿ ವಾರ್ಡಿನ ಒಳಗೆ, ಮನೆಯವರು ಗೇಟಿನ ಹೊರಗೆ. ಎಲ್ಲರ ಬಾಯಲ್ಲೂ ಒಂದೇ ಹೆಸರು, ರೆಮ್‌ಡಿಸಿವಿರ್. ಇಂಜೆಕ್ಷನ್ ಸಿಕ್ಕಿತೇ ಎಂದು ಕೇಳುತ್ತಿದ್ದೆವು. ಸಿಕ್ಕ ಮೇಲೆ ರೋಗಿಯ ನಾಡಿ ಹೇಗಿದೆ ಎಂದೂ ಕೇಳಬೇಕೆಂಬುದು ನಮಗೆ ತಿಳಿದಿರಲಿಲ್ಲ.

ಈ ಔಷಧಕ್ಕೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. 2020ರ ಮಾರ್ಚ್‌ನಲ್ಲಿ ನಂಜನಗೂಡಿನ ಜುಬಿಲಂಟ್ ಕಾರ್ಖಾನೆಯ ನೌಕರರಲ್ಲಿ ಸೋಂಕು ಕಂಡು ಇಡೀ ಜಿಲ್ಲೆ ಆತಂಕಗೊಂಡಿತ್ತು. ಅದೇ ಸಮೂಹದ ಕಂಪನಿ ಆಗಸ್ಟ್‌ನಲ್ಲಿ ‘ಜುಬಿ-ಆರ್’ ಹೆಸರಿನಲ್ಲಿ ರೆಮ್‌ಡಿಸಿವಿರ್ ಅನ್ನು ಮಾರುಕಟ್ಟೆಗೆ ತಂದಿತು. 100 ಮಿ.ಗ್ರಾಂ. ಸೀಸೆಗೆ 4,700 ರೂಪಾಯಿ. 2021ರ ಏಪ್ರಿಲ್‌ನಲ್ಲಿ ಅದು 3,400ಕ್ಕೆ ಇಳಿಯಿತು.

ನಾಡಿ ಏಕೆ ನಿಧಾನವಾಗುತ್ತದೆ?

ನಮ್ಮ ದೇಹದಲ್ಲಿ ಅಡೆನೋಸಿನ್ ಎಂಬ ವಸ್ತು ಸಹಜವಾಗಿಯೇ ಇದೆ. ಹೃದಯದಲ್ಲಿ ಬಡಿತವನ್ನು ಆರಂಭಿಸುವ ಪುಟ್ಟ ಜಾಗವೊಂದಿದೆ. ಅಡೆನೋಸಿನ್ ಅದರ ವೇಗವನ್ನು ತಗ್ಗಿಸುತ್ತದೆ. ರೆಮ್‌ಡಿಸಿವಿರ್‌ನ ರಚನೆ ಇದನ್ನೇ ಹೋಲುತ್ತದೆ. ಈ ಹೋಲಿಕೆಯಿಂದಲೇ ಅದು ವೈರಸ್ ತನ್ನ ನಕಲು ಮಾಡಿಕೊಳ್ಳುವುದನ್ನು ತಡೆಯುತ್ತದೆ. ಅದೇ ಹೋಲಿಕೆಯಿಂದ ಕೆಲವರಲ್ಲಿ ಹೃದಯ ಬಡಿತವೂ ನಿಧಾನವಾಗಬಹುದು ಎಂಬುದು ತಜ್ಞರ ವಿವರಣೆ. 2021ರ ಜೂನ್‌ನಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿಯು ಇದನ್ನು ಔಷಧದ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಲು ಸೂಚಿಸಿತು. ಔಷಧ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹೆಚ್ಚಿನವರ ನಾಡಿ ಸರಿಹೋಗುತ್ತದೆ ಎಂದೂ ಹೇಳಿತು.

ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100. ಸ್ವಲ್ಪ ಇಳಿದ ಮಾತ್ರಕ್ಕೆ ಗಾಬರಿ ಬೇಡ. ಸೋಂಕಿನಿಂದಲೇ ಹೃದಯಕ್ಕೆ ತೊಂದರೆ ಆಗುವುದೂ ಉಂಟು. ಎಲ್ಲವನ್ನೂ ಔಷಧದ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ತಲೆಸುತ್ತು, ಕಣ್ಣು ಕತ್ತಲೆ, ಎದೆನೋವು, ಉಸಿರಾಟದ ತೊಂದರೆ ಕಂಡರೆ ಕೂಡಲೇ ನರ್ಸ್‌ಗೆ ತಿಳಿಸಬೇಕು.

ಹಳೆಯ ಮಾತ್ರೆಗಳ ವಿಷಯ

ನಿಜವಾದ ಅಪಾಯ ಹೆಚ್ಚಾಗಿ ಎರಡು ಔಷಧಗಳು ಸೇರುವಲ್ಲಿ ಇರುತ್ತದೆ. ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್ ಮಾತ್ರೆಗಳು ತಾವಾಗಿಯೇ ನಾಡಿಯನ್ನು ನಿಧಾನ ಮಾಡುತ್ತವೆ.

ಹೆಪಟೈಟಿಸ್ ಸಿ ಕಾಮಾಲೆಗೆ ಕೊಡುವ ಸೊಫೊಸ್ಬುವಿರ್ ಒಳ್ಳೆಯ ಔಷಧ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ರೋಗಕ್ಕೆ ಉಚಿತ ಚಿಕಿತ್ಸೆ ಇದೆ. ಆದರೆ ಬಡಿತದ ಏರುಪೇರಿಗೆ ಕೊಡುವ ಅಮಿಯೊಡರೋನ್ ಜೊತೆ ಸೇರಿದರೆ ನಾಡಿ ಅಪಾಯಕಾರಿಯಾಗಿ ಕುಸಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರ ಮಾರ್ಚ್‌ನಲ್ಲಿ ಎಚ್ಚರಿಸಿತು. ಆಗ ವರದಿಯಾದವರಲ್ಲಿ ಒಬ್ಬರು ತೀರಿಕೊಂಡಿದ್ದರು, ಮೂವರಿಗೆ ಪೇಸ್‌ಮೇಕರ್ ಅಳವಡಿಸಬೇಕಾಗಿತ್ತು. ಅಮಿಯೊಡರೋನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಆದ್ದರಿಂದ ನಿಲ್ಲಿಸಿದ ಮಾತ್ರೆಯ ಹೆಸರನ್ನೂ ವೈದ್ಯರಿಗೆ ಹೇಳಬೇಕು.

ಕೋವಿಡ್ ಮತ್ತು ಎಚ್‌ಐವಿ ಚಿಕಿತ್ಸೆಯಲ್ಲಿ ಬಳಸುವ ರಿಟೊನಾವಿರ್‌ನ ರೀತಿ ಬೇರೆ. ಅದು ಯಕೃತ್ತಿನ ಕೆಲಸವನ್ನು ತಡೆದು ಕೆಲವು ಕೊಲೆಸ್ಟರಾಲ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಕ್ಲೋಪಿಡೋಗ್ರೆಲ್‌ನ ಪರಿಣಾಮವನ್ನು ಕುಗ್ಗಿಸುತ್ತದೆ. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಅವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ನಾವು ಮಾಡಬೇಕಾದದ್ದು

1. ಮನೆಯ ಹಿರಿಯರು ಸೇವಿಸುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ ಒಂದು ಚೀಟಿಯಲ್ಲಿ ಬರೆದಿಡೋಣ. ಯುನಾನಿ, ಆಯುರ್ವೇದ ಔಷಧಗಳೂ ಅದರಲ್ಲಿರಲಿ. ತಾಲ್ಲೂಕು ಆಸ್ಪತ್ರೆಯಿಂದ ಮೈಸೂರಿಗೆ ಕಳುಹಿಸಿದಾಗ ಆ ಚೀಟಿ, ಹಳೆಯ ಇಸಿಜಿ ಎರಡೂ ರೋಗಿಯ ಜೊತೆಗೇ ಹೋಗಲಿ.

2. ವೈರಸ್ ವಿರೋಧಿ ಔಷಧ ಆರಂಭಿಸುವ ಮೊದಲು “ಇಸಿಜಿ ಬೇಕೇ? ಈಗಿನ ಮಾತ್ರೆಗಳ ಜೊತೆ ಇದು ಹೊಂದುತ್ತದೆಯೇ?” ಎಂದು ವಿನಯದಿಂದ ಕೇಳೋಣ. ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ.

3. ಯಾವ ಔಷಧವನ್ನೂ ನಾವೇ ನಿಲ್ಲಿಸಬಾರದು. ಬಿಪಿ ಮಾತ್ರೆ ಒಮ್ಮೆಲೇ ಬಿಟ್ಟರೆ ಬೇರೆ ಅಪಾಯವಿದೆ.

4. ಮನೆಗೆ ಬಂದ ಮೇಲೆ ರೋಗಿ ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡೋಣ. ಅಡ್ಡಪರಿಣಾಮವನ್ನು ರೋಗಿಯ ಮನೆಯವರೂ ಕೇಂದ್ರ ಸರ್ಕಾರದ ಉಚಿತ ಸಂಖ್ಯೆ 1800-180-3024ಕ್ಕೆ ತಿಳಿಸಬಹುದು.

ರೋಗಿಗಾಗಿ ದುಆ ಮಾಡಲು ನಾವೆಲ್ಲರೂ ಕೈ ಎತ್ತುತ್ತೇವೆ. ಮಾತ್ರೆಗಳ ಆ ಚೀಟಿಯನ್ನು ಬರೆದಿಡುವುದೂ ರೋಗಿಯ ಸೇವೆಯೇ. ಈ ಶುಕ್ರವಾರ ಜುಮಾ ಮುಗಿಸಿ ಮನೆಗೆ ಹೋದಾಗ ತಂದೆ ತಾಯಿಯ ಮಾತ್ರೆ ಡಬ್ಬಿಯನ್ನು ತೆರೆದು ಕುಳಿತರೆ ಹತ್ತು ನಿಮಿಷದ ಕೆಲಸ.