ಇಗರ್ಜಿಯ ಅಂಗಳದ ಕನ್ನಡ ಶಾಲೆ: ಹಬ್ಬಗಳ ಸಾಲು, ಉಳಿವಿನ ಸವಾಲು

ಮಂಗಳೂರು: ಕರಾವಳಿಯ ಕೆಥೋಲಿಕ್ ಪ್ರಾಥಮಿಕ ಶಾಲೆಗಳ ಪಾಲಿಗೆ ಆಗಸ್ಟ್‌ನಿಂದ ಜನವರಿವರೆಗಿನ ಆರು ತಿಂಗಳು ವರ್ಷದ ಅತ್ಯಂತ ಬಿಡುವಿಲ್ಲದ ಕಾಲ. ಸ್ವಾತಂತ್ರ್ಯೋತ್ಸವ, ಮೊಂತಿ ಹಬ್ಬ, ಪ್ರತಿಭಾ ಕಾರಂಜಿ, ಕನ್ನಡ ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಕ್ರಿಸ್‌ಮಸ್, ಕ್ರೀಡಾಕೂಟ, ಕೊನೆಗೆ ವಾರ್ಷಿಕೋತ್ಸವ ಹೀಗೆ ಒಂದರ ಬೆನ್ನಿಗೊಂದು ಕಾರ್ಯಕ್ರಮಗಳು ಬರುತ್ತವೆ.

ಹೊರನೋಟಕ್ಕೆ ಇವು ಎಲ್ಲ ಶಾಲೆಗಳಲ್ಲೂ ನಡೆಯುವ ವಾಡಿಕೆಯ ಆಚರಣೆಗಳು. ಆದರೆ ಇಗರ್ಜಿಯ ಅಂಗಳದಲ್ಲಿರುವ ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳಿಗೆ ಇವುಗಳ ಮಹತ್ವವೇ ಬೇರೆ. ಶಾಲೆಯ ಸುತ್ತಲಿನ ಜನ ಒಂದೆಡೆ ಸೇರುವುದು, ಹಳೆ ವಿದ್ಯಾರ್ಥಿಗಳು ಮರಳಿ ಬರುವುದು, ಸರಕಾರದ ಅನುದಾನಕ್ಕೆ ನಿಲುಕದ ಖರ್ಚುಗಳಿಗೆ ದಾನಿಗಳು ದೊರೆಯುವುದು, ಮುಂದಿನ ವರ್ಷ ಒಂದನೇ ತರಗತಿಗೆ ಯಾವ ಮನೆಯ ಮಗು ಬರಬಹುದು ಎಂಬುದು ತಿಳಿಯುವುದು ಎಲ್ಲವೂ ಈ ಕಾರ್ಯಕ್ರಮಗಳ ನಡುವೆಯೇ. ಮಕ್ಕಳ ಸಂಖ್ಯೆ ಕುಸಿಯುತ್ತಿರುವ ಈ ದಿನಗಳಲ್ಲಿ ಶಾಲೆಯ ಉಳಿವು ಬಹುಮಟ್ಟಿಗೆ ಇಂತಹ ಸಮುದಾಯದ ಒಡನಾಟವನ್ನು ಅವಲಂಬಿಸಿದೆ.

ಯಾರ ಶಾಲೆ, ಯಾರ ಖರ್ಚು?

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಹಳೆಯ ಚರ್ಚ್‌ಗಳ ಮಗ್ಗುಲಿಗೇ ಒಂದು ಪ್ರಾಥಮಿಕ ಶಾಲೆ ಇರುವುದು ಸಾಮಾನ್ಯ. ಚರ್ಚಿನ ಆಡಳಿತಕ್ಕೆ ಸೇರಿದ ಇಂತಹ ಶಾಲೆಗೆ ಪ್ರಧಾನ ಧರ್ಮಗುರುಗಳೇ ಸಂಚಾಲಕರು. ಕೆಲವೆಡೆ ಧರ್ಮಭಗಿನಿಯರ ಸಂಸ್ಥೆಗಳು ಶಾಲೆಯನ್ನು ನಡೆಸುತ್ತವೆ. ದಿನನಿತ್ಯದ ಪಾಠ, ಪರೀಕ್ಷೆ, ದಾಖಲೆಗಳ ಹೊಣೆ ಮುಖ್ಯ ಶಿಕ್ಷಕರದ್ದು. ಧರ್ಮಪ್ರಾಂತದ ಮಟ್ಟದಲ್ಲಿ ಕೆಥೋಲಿಕ್ ಶಿಕ್ಷಣ ಮಂಡಳಿಯು ತನ್ನ ಅಧೀನದ ಶಾಲೆಗಳ ಆಡಳಿತವನ್ನು ನೋಡಿಕೊಳ್ಳುತ್ತದೆ.

ಮಂಜೂರಾದ ಹುದ್ದೆಗಳಲ್ಲಿರುವ ಶಿಕ್ಷಕರ ವೇತನವನ್ನು ಸರಕಾರ ಭರಿಸುತ್ತದೆ. ಪಠ್ಯಪುಸ್ತಕ ಮತ್ತು ಮಧ್ಯಾಹ್ನದ ಬಿಸಿಯೂಟವೂ ಸರಕಾರದ್ದೇ. ಕಟ್ಟಡದ ದುರಸ್ತಿ, ವಿದ್ಯುತ್ ಬಿಲ್ಲು, ಪೀಠೋಪಕರಣ ಮುಂತಾದವು ಆಡಳಿತ ಮಂಡಳಿಯ ಪಾಲಿಗೆ ಬರುತ್ತವೆ. ಶಿಕ್ಷಕರು ನಿವೃತ್ತರಾದಾಗ ಅವರ ಜಾಗವನ್ನು ತುಂಬಲು ಸರಕಾರದ ಅನುಮತಿ ಬೇಕು. ಅದು ದೊರೆಯುವವರೆಗೆ ಗೌರವ ಶಿಕ್ಷಕರನ್ನು ನೇಮಿಸಿ, ಅವರ ಸಂಭಾವನೆಯನ್ನು ಆಡಳಿತ ಮಂಡಳಿಯೇ ಕೊಡಬೇಕಾಗುತ್ತದೆ. ಶುಲ್ಕವನ್ನು ನೆಚ್ಚಿಕೊಳ್ಳಲಾಗದ ಶಾಲೆಗಳಿಗೆ ಇದು ಸಣ್ಣ ಹೊರೆಯೇನಲ್ಲ.

ಈ ಹೊರೆಯನ್ನು ಹೊರಲು ನೆರವಾಗುವುದು ಶಿಕ್ಷಕ-ರಕ್ಷಕ ಸಂಘ, ಹಳೆ ವಿದ್ಯಾರ್ಥಿ ಸಂಘ ಮತ್ತು ಚರ್ಚ್ ಪಾಲನಾ ಮಂಡಳಿ. ಚರ್ಚಿನ ವ್ಯಾಪ್ತಿಯನ್ನು ವಾರ್ಡುಗಳಾಗಿ ವಿಂಗಡಿಸಲಾಗಿದ್ದು, ಪ್ರತಿ ವಾರ್ಡಿಗೂ ಒಬ್ಬ ಗುರ್ಕಾರರಿರುತ್ತಾರೆ. ಶಾಲೆಯ ಯಾವುದೇ ಸುದ್ದಿ ಮನೆಮನೆಗೆ ತಲುಪಲು ಇದಕ್ಕಿಂತ ಸುಲಭದ ದಾರಿ ಬೇರೊಂದಿಲ್ಲ.

ಒಂದೂವರೆ ಶತಮಾನದ ಹಿನ್ನೆಲೆ

ಈ ವ್ಯವಸ್ಥೆಯ ಬೇರುಗಳು 19ನೇ ಶತಮಾನದಲ್ಲಿವೆ. ಖಾಸಗಿ ಶಾಲೆಗಳಿಗೆ ಸರಕಾರ ಸಹಾಯಧನ ನೀಡುವ ಪದ್ಧತಿಗೆ 1854ರ ವುಡ್ ವರದಿ ತಳಹದಿಯಾಯಿತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಧರ್ಮಭಗಿನಿಯರು ಮಂಗಳೂರಿಗೆ ಬಂದು ಬಾಲಕಿಯರ ಶಿಕ್ಷಣಕ್ಕೆ ತೊಡಗಿದರು. 1878ರ ಕೊನೆಯ ದಿನ ಯೇಸುಸಭೆಯ ಗುರುಗಳು ನಗರಕ್ಕೆ ಬಂದಿಳಿದರು. 1880ರಲ್ಲಿ ಅವರು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು.

ನಗರದ ಈ ಸಂಸ್ಥೆಗಳು ಹೆಸರು ಮಾಡಿದವು. ಆದರೆ ಹಳ್ಳಿಗಳಲ್ಲಿ ಅಕ್ಷರ ಹಬ್ಬಿಸಿದ್ದು ಇಗರ್ಜಿಗಳ ಬದಿಯ ಚಿಕ್ಕ ಕನ್ನಡ ಶಾಲೆಗಳು. ಮನೆಯಲ್ಲಿ ಕೊಂಕಣಿ, ತುಳು, ಬ್ಯಾರಿ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡ ಕಲಿತದ್ದು ಇಲ್ಲಿಯೇ. ಮಂಗಳೂರು ಧರ್ಮಪ್ರಾಂತವನ್ನು ವಿಭಜಿಸಿ 2012ರಲ್ಲಿ ಉಡುಪಿ ಧರ್ಮಪ್ರಾಂತವನ್ನು ರಚಿಸಲಾಯಿತು. ಕೇರಳದಲ್ಲಿರುವ ಕಾಸರಗೋಡಿನ ಕನ್ನಡ ಭಾಗದ ಚರ್ಚ್‌ಗಳು ಇಂದಿಗೂ ಮಂಗಳೂರು ಧರ್ಮಪ್ರಾಂತಕ್ಕೇ ಸೇರಿವೆ.

ಹೂವು, ತೆನೆ, ಕಬ್ಬು

ಮುಂಬರುವ ಕಾರ್ಯಕ್ರಮಗಳಲ್ಲಿ ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದು ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಇದು ಕನ್ಯಾ ಮರಿಯಮ್ಮನವರ ಜನ್ಮದಿನ. ಕರಾವಳಿಯ ಕೆಥೋಲಿಕರಿಗೆ ಹೊಸ ಬೆಳೆಯ ಹಬ್ಬವೂ ಹೌದು. ಕನ್ನಡದಲ್ಲಿ ಇದನ್ನು ತೆನೆ ಹಬ್ಬವೆಂದೂ ಕರೆಯುತ್ತಾರೆ.

ಹಬ್ಬಕ್ಕೆ ಮುನ್ನ ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನಾ ಪ್ರಾರ್ಥನೆ ನಡೆಯುತ್ತದೆ. ಈ ದಿನಗಳಲ್ಲಿ ಮಕ್ಕಳು ಮನೆಯಂಗಳದ ದಾಸವಾಳ, ಕೇಪುಳ, ಗೊಂಡೆ ಹೂಗಳನ್ನು ಚಿಕ್ಕ ಬುಟ್ಟಿ ಅಥವಾ ತಟ್ಟೆಯಲ್ಲಿ ತಂದು ಬಾಲ ಮರಿಯಮ್ಮನ ಪ್ರತಿಮೆಗೆ ಸಲ್ಲಿಸುತ್ತಾರೆ. ಮಕ್ಕಳಿಗೆ ಸಿಹಿ ಹಂಚುವುದೂ ವಾಡಿಕೆ. 1763ರಲ್ಲಿ ಫರಂಗಿಪೇಟೆಯಲ್ಲಿ ಗೋವಾ ಮೂಲದ ಧರ್ಮಗುರು ಜೋಕಿಂ ಮಿರಾಂದ ಅವರು ಈ ಆಚರಣೆಯನ್ನು ಆರಂಭಿಸಿದರು ಎಂಬ ಪ್ರತೀತಿ ಇದೆ.

ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮೆರವಣಿಗೆಯಲ್ಲಿ ಚರ್ಚಿಗೆ ತರಲಾಗುತ್ತದೆ. ಬಲಿಪೂಜೆಯ ಬಳಿಕ ಪ್ರತಿ ಕುಟುಂಬಕ್ಕೂ ತೆನೆ ಹಂಚುತ್ತಾರೆ. ಹೂ ತಂದ ಮಕ್ಕಳಿಗೆ ಕಬ್ಬು ಕೊಡುವ ಸಂಪ್ರದಾಯವೂ ಇದೆ. ಮನೆಯಲ್ಲಿ ಹೊಸ ಅಕ್ಕಿಯ ಕಾಳುಗಳನ್ನು ಹಾಲು ಅಥವಾ ಪಾಯಸಕ್ಕೆ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದಿನ ಊಟ ಸಂಪೂರ್ಣ ಸಸ್ಯಾಹಾರ.

ತುಳುವರ ಮನೆಗಳಲ್ಲಿಯೂ ಇದೇ ಋತುವಿನ ಆಸುಪಾಸಿನಲ್ಲಿ ತೆನೆ ಕಟ್ಟುವ ಮತ್ತು ಹೊಸ ಅಕ್ಕಿಯ ಊಟ ಮಾಡುವ ಪದ್ಧತಿ ಇದೆ. ಹೊಸ ಅಕ್ಕಿಯ ಊಟಕ್ಕೆ ತುಳುವಿನಲ್ಲಿ ಪುದ್ವಾರ್ ಎಂದು ಹೆಸರು. ಹೀಗಾಗಿ ತೆನೆಯ ಹಬ್ಬವೆಂದರೇನು ಎಂದು ತರಗತಿಯ ಯಾವ ಮಗುವಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ. ಬೇರೆ ಬೇರೆ ಧರ್ಮದ ಮಕ್ಕಳಿರುವ ಶಾಲೆಯಲ್ಲಿ ಎಲ್ಲರಿಗೂ ಒಂದು ಸಮಾನ ನೆಲೆಯನ್ನು ಒದಗಿಸುವುದು ಗದ್ದೆಯೇ.

ಧರ್ಮಬೋಧೆ ಯಾರಿಗೆ?

ಚರ್ಚ್ ನಡೆಸುವ ಶಾಲೆಗೆ ಮಗುವನ್ನು ಸೇರಿಸುವ ಅನ್ಯಧರ್ಮೀಯ ಪಾಲಕರಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಮೂಡುತ್ತದೆ. ಮಗುವು ಪ್ರಾರ್ಥನೆ, ಧರ್ಮೋಪದೇಶಗಳಲ್ಲಿ ಭಾಗವಹಿಸಲೇಬೇಕೆ?

ಇದಕ್ಕೆ ಸಂವಿಧಾನದಲ್ಲಿ ಸ್ಪಷ್ಟ ಉತ್ತರವಿದೆ. 30ನೇ ವಿಧಿಯು ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. 28ನೇ ವಿಧಿಯ 3ನೇ ಖಂಡವು ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳಲ್ಲಿ ಯಾರನ್ನೂ ಅವರ ಸಮ್ಮತಿಯಿಲ್ಲದೆ ಧಾರ್ಮಿಕ ಬೋಧನೆ ಅಥವಾ ಆರಾಧನೆಗೆ ಹಾಜರಾಗುವಂತೆ ಒತ್ತಾಯಿಸಬಾರದು ಎನ್ನುತ್ತದೆ. ಮಕ್ಕಳ ವಿಷಯದಲ್ಲಿ ಈ ಸಮ್ಮತಿಯನ್ನು ನೀಡಬೇಕಾದವರು ಪೋಷಕರು.

ಈ ಕಾರಣದಿಂದ ಕೆಥೋಲಿಕ್ ಮಕ್ಕಳಿಗೆ ಕ್ರೈಸ್ತ ಶಿಕ್ಷಣವನ್ನು ಪ್ರತ್ಯೇಕವಾಗಿ ನಡೆಸಿ, ಉಳಿದ ಮಕ್ಕಳಿಗೆ ಅದೇ ಅವಧಿಯಲ್ಲಿ ಮೌಲ್ಯ ಶಿಕ್ಷಣ ನೀಡುವ ಕ್ರಮವನ್ನು ಅನೇಕ ಶಾಲೆಗಳು ಅನುಸರಿಸುತ್ತವೆ. ಪಾಲಕರು ದಾಖಲಾತಿಯ ಸಂದರ್ಭದಲ್ಲಿಯೇ ಈ ಬಗ್ಗೆ ವಿಚಾರಿಸಿಕೊಳ್ಳುವುದು ಒಳಿತು.

ರಜೆಯ ಲೆಕ್ಕಾಚಾರ

ರಾಜ್ಯದ ಶಾಲೆಗಳಿಗೆ ದಸರಾ ಸಮಯದಲ್ಲಿ ಮಧ್ಯಂತರ ರಜೆ ಇರುತ್ತದೆ. ಕ್ರಿಸ್‌ಮಸ್ ರಜೆ ಬೇಕೆಂದು ಕೋರುವ ಕ್ರೈಸ್ತ ಸಂಸ್ಥೆಗಳಿಗೆ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು ಅನುಮತಿ ನೀಡಬಹುದು. ಆದರೆ ಅಷ್ಟು ದಿನಗಳನ್ನು ಮಧ್ಯಂತರ ರಜೆಯಲ್ಲಿ ಕಡಿತಗೊಳಿಸಿ ಸರಿಹೊಂದಿಸಬೇಕು. ನೆರೆಯ ಶಾಲೆಯ ಮಕ್ಕಳು ಇನ್ನೂ ರಜೆಯಲ್ಲಿರುವಾಗ ಚರ್ಚ್ ಶಾಲೆಯ ಗಂಟೆ ಬಾರಿಸುವುದು ಈ ಕಾರಣದಿಂದ. ಕಾಸರಗೋಡಿನ ಶಾಲೆಗಳು ಕೇರಳದ ವೇಳಾಪಟ್ಟಿಯನ್ನು ಅನುಸರಿಸುವುದರಿಂದ ಅಲ್ಲಿ ಓಣಂ ಮತ್ತು ಕ್ರಿಸ್‌ಮಸ್ ರಜೆಗಳು ಎಲ್ಲರಿಗೂ ಒಂದೇ.

ಮಧ್ಯಾಹ್ನದ ಪಂಕ್ತಿ

ಹಬ್ಬಗಳು ವರ್ಷಕ್ಕೊಮ್ಮೆ. ಎಲ್ಲ ಮಕ್ಕಳೂ ಪ್ರತಿದಿನ ಒಟ್ಟಿಗೆ ಕೂರುವುದು ಬಿಸಿಯೂಟದ ಪಂಕ್ತಿಯಲ್ಲಿ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಯೋಜನೆ ಬಳಿಕ ಅನುದಾನಿತ ಶಾಲೆಗಳಿಗೂ ವಿಸ್ತರಣೆಯಾಯಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನೊಂದಿಗೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ನೀಡುವ ಯೋಜನೆಗೆ ಚಾಲನೆ ದೊರೆಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡಲಾಗುತ್ತದೆ.

ಕೂಲಿ ಕಾರ್ಮಿಕರ ಮತ್ತು ಹೊರ ಜಿಲ್ಲೆಗಳಿಂದ ಕೆಲಸಕ್ಕಾಗಿ ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಈ ಊಟ ದೊಡ್ಡ ಆಸರೆ. ಸ್ಥಳೀಯರು ತೆರವು ಮಾಡಿದ ಬೆಂಚುಗಳನ್ನು ಹಲವೆಡೆ ಇಂದು ತುಂಬುತ್ತಿರುವವರು ಈ ಮಕ್ಕಳೇ ಎಂಬುದು ಗಮನಾರ್ಹ.

2014ರ ಎರಡು ತೀರ್ಪುಗಳು

2014ರ ಮೇ 6ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ನೀಡಿದ ಎರಡು ತೀರ್ಪುಗಳು ಈ ಶಾಲೆಗಳಿಗೆ ನೇರವಾಗಿ ಸಂಬಂಧಿಸಿವೆ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ಕರ್ನಾಟಕದ 1994ರ ಆದೇಶಕ್ಕೆ ಸಂಬಂಧಿಸಿದ್ದು ಮೊದಲನೆಯದು. ಕಲಿಕೆಯ ಮಾಧ್ಯಮವನ್ನು ಆಯ್ಕೆ ಮಾಡುವ ಹಕ್ಕು ಮಗುವಿನ ಪರವಾಗಿ ಪಾಲಕರದ್ದು, ಸರಕಾರ ಅದನ್ನು ಹೇರುವಂತಿಲ್ಲ ಎಂದು ಪೀಠ ಹೇಳಿತು. ಎರಡನೆಯ ತೀರ್ಪು, ಅನುದಾನಿತವಾಗಲಿ ಅನುದಾನರಹಿತವಾಗಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದಿತು. ಈ ಎರಡನೆಯ ತೀರ್ಪಿನ ಔಚಿತ್ಯವನ್ನು ಪ್ರಶ್ನಿಸಿದ ದ್ವಿಸದಸ್ಯ ಪೀಠವೊಂದು 2025ರ ಸೆಪ್ಟೆಂಬರ್ 1ರಂದು ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸುವಂತೆ ಮುಖ್ಯ ನ್ಯಾಯಮೂರ್ತಿಗಳನ್ನು ಕೋರಿತು.

ಮೊದಲ ತೀರ್ಪಿಗೆ ಮುನ್ನವೇ ಪಾಲಕರ ಒಲವು ಇಂಗ್ಲಿಷ್ ಮಾಧ್ಯಮದತ್ತ ಹರಿದಿತ್ತು. ತೀರ್ಪಿನ ನಂತರ ಅದಕ್ಕೆ ಕಾನೂನಿನ ಅಡ್ಡಿಯೂ ಉಳಿಯಲಿಲ್ಲ. 2019ರಲ್ಲಿ ಸರಕಾರವೇ ಆಯ್ದ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ತೆರೆಯಿತು. ವಿಪರ್ಯಾಸವೆಂದರೆ, ಅನೇಕ ಕಡೆ ಕನ್ನಡ ಶಾಲೆಗೆ ಪೈಪೋಟಿ ನೀಡುತ್ತಿರುವುದು ಅದೇ ಆವರಣದಲ್ಲಿ ಕ್ರೈಸ್ತ ಸಂಸ್ಥೆಗಳೇ ನಡೆಸುವ ಇಂಗ್ಲಿಷ್ ಮಾಧ್ಯಮ ಶಾಲೆ. ಒಂದೇ ಗೇಟಿನಿಂದ ಒಳಬರುವ ಮಕ್ಕಳು ಎರಡು ಸಮವಸ್ತ್ರಗಳಲ್ಲಿ ಎರಡು ಕಟ್ಟಡಗಳತ್ತ ತಿರುಗುತ್ತಾರೆ. ಶುಲ್ಕ ಕಟ್ಟಬಲ್ಲ ಕೆಥೋಲಿಕ್ ಕುಟುಂಬಗಳ ಮಕ್ಕಳು ಹೆಚ್ಚಾಗಿ ಎರಡನೆಯ ಕಟ್ಟಡದಲ್ಲಿರುತ್ತಾರೆ.

ಮಕ್ಕಳ ಸಂಖ್ಯೆ ಇಳಿದರೆ ಹುದ್ದೆಗಳು ಕಡಿಮೆಯಾಗುತ್ತವೆ. ಶಿಕ್ಷಕರಿಲ್ಲವೆಂದರೆ ಪಾಲಕರು ಮಕ್ಕಳನ್ನು ಬೇರೆಡೆಗೆ ಸೇರಿಸುತ್ತಾರೆ. ಒಂದು ಮತ್ತೊಂದನ್ನು ಹಿಂಬಾಲಿಸಿ ಕೊನೆಗೆ ಶಾಲೆ ಬೀಗ ಹಾಕುವ ಹಂತಕ್ಕೆ ಬರುತ್ತದೆ. ಕೋವಿಡ್ ಕಾಲದಲ್ಲಿ ದೀರ್ಘಕಾಲ ಮುಚ್ಚಿದ್ದ ಒಂದರಿಂದ ಐದನೇ ತರಗತಿಗಳು 2021ರ ಅಕ್ಟೋಬರ್ 25ರಂದು ಪುನರಾರಂಭವಾದಾಗ ಈ ಆತಂಕ ಇನ್ನಷ್ಟು ದಟ್ಟವಾಗಿತ್ತು.

ವೇದಿಕೆಯ ಮೇಲೆ, ವೇದಿಕೆಯ ಹಿಂದೆ

ಈ ಹಿನ್ನೆಲೆಯಲ್ಲಿ ನೋಡಿದಾಗ ಮುಂಬರುವ ಕಾರ್ಯಕ್ರಮಗಳ ಅರ್ಥ ಸ್ಪಷ್ಟವಾಗುತ್ತದೆ. ಶಾಲಾ ಹಂತದಿಂದ ಆರಂಭವಾಗಿ ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಮಟ್ಟದವರೆಗೆ ಸಾಗುವ ಪ್ರತಿಭಾ ಕಾರಂಜಿಯಲ್ಲಿ ಚಿಕ್ಕ ಶಾಲೆಯ ಮಗು ಗೆದ್ದರೆ ಊರಿಗೆಲ್ಲ ಆ ಶಾಲೆಯ ಹೆಸರು ಮತ್ತೊಮ್ಮೆ ಕೇಳಿಸುತ್ತದೆ. ಡಿಸೆಂಬರ್‌ನಲ್ಲಿ ಮಕ್ಕಳು ಗೋದಲಿ ಕಟ್ಟಿ, ನಕ್ಷತ್ರ ತೂಗುಹಾಕುತ್ತಾರೆ. ಕುಸ್ವಾರ್ ಎಂದು ಕರೆಯಲಾಗುವ ಕ್ರಿಸ್‌ಮಸ್ ತಿಂಡಿಗಳಾದ ಕಿಡಿಯೊ, ನೆವ್ರಿ, ಗುಳಿಯೊಗಳು ನೆರೆಹೊರೆಯ ಮನೆಗಳಿಗೂ ಹೋಗುತ್ತವೆ.

ವಾರ್ಷಿಕೋತ್ಸವದ ಸಂಜೆ ಕೊಂಕಣಿ ಹಾಡು, ತುಳು ನಾಟಕ, ಯಕ್ಷಗಾನ, ಕನ್ನಡ ನೃತ್ಯರೂಪಕಗಳು ಒಂದೇ ವೇದಿಕೆಗೆ ಬರುತ್ತವೆ. ಕ್ರಿಸ್‌ಮಸ್ ಸಮಯದಲ್ಲಿ ಕೊಲ್ಲಿ ರಾಷ್ಟ್ರಗಳಿಂದ, ಮುಂಬಯಿಯಿಂದ ಊರಿಗೆ ಬಂದ ಹಳೆ ವಿದ್ಯಾರ್ಥಿಗಳು ಸಭೆಯಲ್ಲಿರುತ್ತಾರೆ. ಅನೇಕ ಶಾಲೆಗಳು ವಾರ್ಷಿಕೋತ್ಸವವನ್ನು ಈ ಆಸುಪಾಸಿನಲ್ಲಿ ಇಟ್ಟುಕೊಳ್ಳಲು ಇದೂ ಒಂದು ಕಾರಣ. ಮಾಡಿನ ಹೆಂಚು, ಕಂಪ್ಯೂಟರ್, ಮಕ್ಕಳ ವಾಹನ, ಗೌರವ ಶಿಕ್ಷಕರ ಸಂಭಾವನೆ ಇವುಗಳಿಗೆ ನೆರವು ದೊರೆಯುವುದು ಬಹುತೇಕ ಇಂತಹ ಸಂದರ್ಭದಲ್ಲಿಯೇ.

ಆದರೆ ಧನಸಹಾಯಕ್ಕೂ ಒಂದು ಮಿತಿಯಿದೆ. ಹೆಂಚು ಬದಲಿಸಲು ಹಣ ಕೊಡುವ ಹಳೆ ವಿದ್ಯಾರ್ಥಿಯ ಮೊಮ್ಮಗು ಅದೇ ಶಾಲೆಗೆ ಸೇರುವುದು ಅಪರೂಪ. ಶಾಲೆಗೆ ಕಟ್ಟಡದಷ್ಟೇ ಬೇಕಾದದ್ದು ಒಂದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಹೊಸ ಹೆಸರುಗಳು. ಸಮುದಾಯದ ಅಭಿಮಾನ ದಾಖಲಾತಿಯಾಗಿ ಬದಲಾಗುವುದೇ ಎಂಬುದರ ಮೇಲೆ ಈ ಶಾಲೆಗಳ ಮುಂದಿನ ದಿನಗಳು ನಿಂತಿವೆ.

ಮುಂಬರುವ ದಿನಗಳು

* ಆಗಸ್ಟ್ 15: ಸ್ವಾತಂತ್ರ್ಯೋತ್ಸವ. ಕೆಥೋಲಿಕರಿಗೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಇದೇ ದಿನ.
* ಆಗಸ್ಟ್ 30ರಿಂದ ಸೆಪ್ಟೆಂಬರ್ 7: ಮೊಂತಿ ಹಬ್ಬದ ನೊವೇನಾ, ಮಕ್ಕಳಿಂದ ಪುಷ್ಪಾರ್ಪಣೆ.
* ಸೆಪ್ಟೆಂಬರ್ 5: ಶಿಕ್ಷಕರ ದಿನಾಚರಣೆ.
* ಸೆಪ್ಟೆಂಬರ್ 8: ಮೊಂತಿ ಹಬ್ಬ, ತೆನೆ ವಿತರಣೆ.
* ಅಕ್ಟೋಬರ್ 2: ಗಾಂಧಿ ಜಯಂತಿ.
* ನವೆಂಬರ್ 1: ಕನ್ನಡ ರಾಜ್ಯೋತ್ಸವ.
* ನವೆಂಬರ್ 14: ಮಕ್ಕಳ ದಿನಾಚರಣೆ.
* ಡಿಸೆಂಬರ್ 25: ಕ್ರಿಸ್‌ಮಸ್.
* ಜನವರಿ 26: ಗಣರಾಜ್ಯೋತ್ಸವ.

ಪ್ರತಿಭಾ ಕಾರಂಜಿ, ಕ್ರೀಡಾಕೂಟ ಮತ್ತು ವಾರ್ಷಿಕೋತ್ಸವದ ದಿನಾಂಕಗಳು ಶಾಲೆಯಿಂದ ಶಾಲೆಗೆ ಬದಲಾಗುತ್ತವೆ. ಹಳೆ ವಿದ್ಯಾರ್ಥಿಗಳು ಹಾಗೂ ಪಾಲಕರು ಆಯಾ ಶಾಲೆಯ ಮುಖ್ಯ ಶಿಕ್ಷಕರಿಂದ ಮಾಹಿತಿ ಪಡೆಯಬಹುದು.