ಎಂಟು ಮುಕ್ಕಾಲು ಆರು: ನಮ್ಮ ಮನೆಯ ಫೈನಲ್ ಪಂದ್ಯ

ಬ್ರಿಸ್ಬೇನಿನ ಸೇಂಟ್ ಲೂಸಿಯಾಕ್ಕೆ ಪಿಎಚ್.ಡಿ. ಮಾಡಲು ಬಂದ ಹೊಸತರಲ್ಲಿ ನನಗೆ ಸಂಜೆ ಆರು ಗಂಟೆಯೆಂದರೆ ಆಗುತ್ತಿರಲಿಲ್ಲ. ಲ್ಯಾಬ್‌ನಲ್ಲಿ ಹೇಗೋ ಹೊತ್ತು ಹೋಗುತ್ತಿತ್ತು. ಬಾಡಿಗೆ ಮನೆಗೆ ಬಂದರೆ ಮಾತಾಡಲು ಯಾರೂ ಇಲ್ಲ. ಊರಿಗೆ ಫೋನ್ ಮಾಡೋಣವೆಂದರೆ ಅಲ್ಲಿ ಮಧ್ಯಾಹ್ನ ಒಂದೂವರೆ, ಅಪ್ಪ ಊಟ ಮುಗಿಸಿ ಮಲಗುವ ಹೊತ್ತು. ಆಗ ಟಿ.ವಿ. ಹಾಕಿದರೆ ಎಸ್‌ಬಿಎಸ್ ವಾಹಿನಿಯಲ್ಲಿ ಒಂದು ಕಾರ್ಯಕ್ರಮ ಬರುತ್ತಿತ್ತು: ‘ಲೆಟರ್ಸ್ ಅಂಡ್ ನಂಬರ್ಸ್’. ಆಸ್ಟ್ರೇಲಿಯಾದಲ್ಲಿ ಇರುವ ಓದುಗರಲ್ಲಿ ಹಲವರಿಗೆ ಅದು ನೆನಪಿರಬಹುದು.

ಆ ಕಾರ್ಯಕ್ರಮ ಶುರುವಾದದ್ದು 2010ರ ಆಗಸ್ಟ್‌ನಲ್ಲಿ, ನಿಂತದ್ದು 2012ರ ಜೂನ್‌ನಲ್ಲಿ. ನಾನು ನೋಡುತ್ತಿದ್ದದ್ದೆಲ್ಲ ಮರುಪ್ರಸಾರ. ನಡೆಸಿಕೊಡುತ್ತಿದ್ದವರು ಮೊದಲು ವಾರ್ತೆ ಓದುತ್ತಿದ್ದ ರಿಚರ್ಡ್ ಮೋರ್‌ಕ್ರಾಫ್ಟ್. ಅಂಕಿಗಳ ಕಡೆ ಗಣಿತಜ್ಞೆ ಲಿಲಿ ಸೆರ್ನಾ, ನಿಘಂಟಿನ ಕಡೆ ಪದಬಂಧ ರಚಿಸುವ ಡೇವಿಡ್ ಆಸ್ಟಲ್. ಇಬ್ಬರು ಸ್ಪರ್ಧಿಗಳು, ಮೂವತ್ತು ಸೆಕೆಂಡಿನ ಗಡಿಯಾರ, ಗೆದ್ದವರಿಗೆ ಮೆಕ್ವಾರಿ ನಿಘಂಟು. ಕೋಟಿ ರೂಪಾಯಿ ಇಲ್ಲ, ಕಾರು ಇಲ್ಲ. ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ!’ ನೋಡಿ ಬೆಳೆದ ನನಗೆ, ಬಹುಮಾನವಾಗಿ ಪುಸ್ತಕ ಕೊಡುವ ಇನ್ನೊಂದು ಕಾರ್ಯಕ್ರಮ ಸಿಕ್ಕಿತಲ್ಲ ಎಂದು ಪರದೇಶದಲ್ಲಿ ನೆಂಟರನ್ನು ಕಂಡಷ್ಟು ಖುಷಿಯಾಗಿತ್ತು.

ಆ ಪರದೇಶ ಈಗ ನನ್ನ ಊರಾಗಿದೆ. ಮಗಳಿಗೆ ಒಂಬತ್ತು ವರ್ಷ. ಮೊನ್ನೆ ಸೆಪ್ಟೆಂಬರ್ ರಜೆಯಲ್ಲಿ ಸಾಗರದಿಂದ ಅಪ್ಪ ಬಂದಿದ್ದಾಗ ನಮ್ಮ ಊಟದ ಮೇಜಿನ ಮೇಲೆ ಇದೇ ಆಟದ ಕನ್ನಡದ ಫೈನಲ್ ಪಂದ್ಯ ನಡೆಯಿತು. ಅದರ ಕಥೆ ಇದು.

ಆಟ ಎಲ್ಲಿಂದ ಬಂತು

ಇದರ ಮೂಲ ಫ್ರಾನ್ಸ್. ಅರ್ಮಾಂ ಜಮ್ಮೋ ಎಂಬವರು 1965ರಲ್ಲಿ ಉದ್ದದ ಪದ ಹುಡುಕುವ ಟಿ.ವಿ. ಆಟವೊಂದನ್ನು ಶುರುಮಾಡಿದರು. 1972ರಲ್ಲಿ ಅದಕ್ಕೆ ಅಂಕಿಗಳೂ ಸೇರಿದವು. 1982ರ ನವೆಂಬರ್ 2ರಂದು ಬ್ರಿಟನ್ನಿನ ಚಾನೆಲ್ 4 ಆರಂಭವಾದಾಗ ಮೊಟ್ಟಮೊದಲು ಪ್ರಸಾರವಾದ ಕಾರ್ಯಕ್ರಮ ಇದರ ಇಂಗ್ಲಿಷ್ ರೂಪವಾದ ‘ಕೌಂಟ್‌ಡೌನ್’. ಆಸ್ಟ್ರೇಲಿಯಾಕ್ಕೆ ಬಂದದ್ದು ಆಮೇಲೆ.

ನಿಯಮ ಸುಲಭ. ಅಕ್ಷರದ ಸುತ್ತಿನಲ್ಲಿ ಸ್ವರ ಬೇಕೋ ವ್ಯಂಜನ ಬೇಕೋ ಎಂದು ಕೇಳಿ ಒಂಬತ್ತು ಅಕ್ಷರ ತೆಗೆದುಕೊಳ್ಳಬೇಕು, ಅವುಗಳಲ್ಲಿ ಆದಷ್ಟು ಉದ್ದದ ಪದ ಕಟ್ಟಬೇಕು. ಅಂಕಿಯ ಸುತ್ತಿನಲ್ಲಿ ಆರು ಸಂಖ್ಯೆಗಳು. ದೊಡ್ಡವು ನಾಲ್ಕೇ: 25, 50, 75, 100. ಉಳಿದವು ಒಂದರಿಂದ ಹತ್ತರವರೆಗಿನವು. ಕೂಡಿ, ಕಳೆದು, ಗುಣಿಸಿ, ಭಾಗಿಸಿ ಮೂರಂಕಿಯ ಒಂದು ಗುರಿಯನ್ನು ಮುಟ್ಟಬೇಕು. ಸರಿಯಾಗಿ ಮುಟ್ಟಿದರೆ ಹತ್ತು ಅಂಕ. ಐದರೊಳಗಿನ ವ್ಯತ್ಯಾಸಕ್ಕೆ ಏಳು, ಹತ್ತರೊಳಗಿದ್ದರೆ ಐದು. ಕೊನೆಯದು ಕಲಸಿಟ್ಟ ಒಂಬತ್ತಕ್ಷರದ ಪದ, ಮೊದಲು ಬಿಡಿಸಿದವರಿಗೆ ಹತ್ತು ಅಂಕ. ಹಾಗಾಗಿ ಕೊನೆಯ ಸುತ್ತಿಗೆ ಬರುವಾಗ ಅಂತರ ಹತ್ತರೊಳಗಿದ್ದರೆ ಪಂದ್ಯ ಯಾರದೂ ಆಗಬಹುದು. ಚಾಂಪಿಯನ್‌ಗಳು ಎದುರುಬದುರಾದಾಗ ನೋಡುವವರಿಗೆ ಉಸಿರು ಬಿಗಿಯುವುದು ಇಲ್ಲಿಯೇ.

ಗಡಿಯಾರದ ಭಯ

ಈ ಆಟವನ್ನು ಮನೆಗೆ ತರಲು ನನಗೆ ಧೈರ್ಯವಿರಲಿಲ್ಲ. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಮಗಳಿಗೆ ತರಗತಿಯಲ್ಲಿ ಗಡಿಯಾರ ಇಟ್ಟು ಗುಣಾಕಾರದ ಹಾಳೆ ಬಿಡಿಸಲು ಕೊಡುತ್ತಿದ್ದರು. ಕೆಲವು ವಾರಗಳಲ್ಲೇ ಆ ದಿನ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಮನೆಯಲ್ಲಿ ಕೇಳಿದರೆ ಏಳೆಂಟಲ ಐವತ್ತಾರು ಎಂದು ಸಲೀಸಾಗಿ ಹೇಳುವವಳು ಹಾಳೆ ಮುಂದೆ ಬಂದರೆ ಖಾಲಿ. ಗಾಬರಿಯಾದಾಗ, ಲೆಕ್ಕ ಮಾಡಲು ಬೇಕಾದ ನೆನಪಿನ ಜಾಗವನ್ನು ಆ ಗಾಬರಿಯೇ ತುಂಬಿಕೊಳ್ಳುತ್ತದೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರು. ಓದಿ ತಿಳಿದಿದ್ದೆ. ಆದರೆ ನಾನು ಮಾಡಿದ್ದು ಅದಕ್ಕೆ ತಿರುಗಾಮುರುಗ: “ಇಷ್ಟು ಸುಲಭ ಇದೆಯಲ್ಲ, ಯಾಕೆ ಆಗಲ್ಲ ನಿಂಗೆ?” ಎಂದು ಗದರಿದ್ದೆ. ಆಮೇಲಿಂದ ಅವಳು ಸ್ಪರ್ಧೆ ಎಂಬ ಪದ ಕೇಳಿದರೆ ಸಾಕು, ಎದ್ದು ಕೋಣೆಗೆ ಹೋಗುತ್ತಿದ್ದಳು.

ಅಪ್ಪ ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರು. ಬಂದ ಎರಡನೇ ದಿನ ಮೊಮ್ಮಗಳನ್ನು ಕೂರಿಸಿಕೊಂಡು ಹಳೆಯ ಕಂತೊಂದನ್ನು ನೋಡಿದರು. ಇಂಗ್ಲಿಷ್ ಪದಗಳು ಅವರಿಗೆ ಅಷ್ಟಕ್ಕಷ್ಟೆ. ಅಂಕಿಯ ಸುತ್ತು ಬಂದಾಗ ಮಾತ್ರ ನೆಟ್ಟಗೆ ಕೂತರು. ಎದುರಿಗೆ 75, 25, 8, 6, 3, 2 ಇವೆ, ಗುರಿ 653 ಎಂದುಕೊಳ್ಳಿ. ನಾನು 75 ಅನ್ನು ಎಂಟರಿಂದ ಮನಸ್ಸಿನಲ್ಲಿ ಗುಣಿಸುವಷ್ಟರಲ್ಲಿ ಅವರ ಉತ್ತರ ಬಂದಿರುತ್ತದೆ.

“ಎಂಟು ಮುಕ್ಕಾಲು ಆರು. ಎರಡು ಕಾಲು ಅರೆ. ಆರೂವರೆ ನೂರು, ಮೇಲೆ ಮೂರು. ಮುಗೀತು.”

ಮಗಳು ಕಣ್ಣರಳಿಸಿದಳು. ನಾನೂ. ಅವರು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಬರೀ ಎರಡರ ಮಗ್ಗಿ, ಮೂರರ ಮಗ್ಗಿಯಲ್ಲ. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಸೇರಿಸಿ. ಸೇರು, ಪಾವು, ಆಣೆಗಳ ಕಾಲದ ಅಂಗಡಿ ಲೆಕ್ಕಕ್ಕೆ ಅದು ಬೇಕಿತ್ತು. ಟಿ.ವಿ.ಯ ನಾಲ್ಕು ದೊಡ್ಡ ಅಂಕಿಗಳು ಅವರ ಕಣ್ಣಿಗೆ 25, 50, 75, 100 ಅಲ್ಲ; ಕಾಲು, ಅರೆ, ಮುಕ್ಕಾಲು, ಒಂದು.

ಆ ರಾತ್ರಿ ಅವರಿಗೆ ‘ಕೌಂಟ್‌ಡೌನ್’ನ ಒಂದು ಪ್ರಸಿದ್ಧ ಲೆಕ್ಕ ಕೊಟ್ಟೆ. 1997ರಲ್ಲಿ ಜೇಮ್ಸ್ ಮಾರ್ಟಿನ್ ಎಂಬ ಸ್ಪರ್ಧಿ ಬಿಡಿಸಿ ಎಲ್ಲರನ್ನೂ ಬೆರಗುಗೊಳಿಸಿದ ಲೆಕ್ಕ ಅದು. ಅಂಕಿಗಳು 25, 50, 75, 100, 3, 6. ಗುರಿ 952. ಅವನು ನೂರಕ್ಕೆ ಆರು ಕೂಡಿ, ಮೂರರಿಂದ ಗುಣಿಸಿ 318 ಮಾಡಿದ. ಅದನ್ನು 75ರಿಂದ ಗುಣಿಸಿದಾಗ 23,850. ಐವತ್ತು ಕಳೆದು 25ರಿಂದ ಭಾಗಿಸಿದರೆ 952. ಅಪ್ಪನಿಗೆ ದಾರಿ ತಾನಾಗಿ ಹೊಳೆಯಲಿಲ್ಲ. ನಾನು ತೋರಿಸಿದೆ. ಆದರೆ ಅವರು ಅದನ್ನು ಹೇಳಿದ ರೀತಿಯೇ ಬೇರೆ: “ಮುನ್ನೂರ ಹದಿನೆಂಟರ ಮುಕ್ಕಾಲು ಇನ್ನೂರ ಮೂವತ್ತೆಂಟೂವರೆ. ಅರೆ ತೆಗಿ, ಇನ್ನೂರ ಮೂವತ್ತೆಂಟು. ಕಾಲಿನಿಂದ ಭಾಗ ಅಂದ್ರೆ ನಾಲ್ಕು ಪಟ್ಟು. ಒಂಬೈನೂರ ಐವತ್ತೆರಡು.” ಇಪ್ಪತ್ತಮೂರು ಸಾವಿರದ ಗೊಡವೆಯೇ ಇಲ್ಲ!

ಮಗಳಿಗೆ ಅಡ್ಡಿಯಾದದ್ದು ಲೆಕ್ಕವಲ್ಲ, ಎಣಿಕೆಯ ಹೆಸರು. ಇಪ್ಪತ್ತರ ಆಚೆ ಕನ್ನಡದಲ್ಲಿ ಎಣಿಸಲು ಅವಳಿಗೆ ಬರುತ್ತಿರಲಿಲ್ಲ. ಆದರೆ ಇದರಲ್ಲಿ ಕನ್ನಡ ಮಕ್ಕಳ ಪರವಾಗಿದೆ. ಎಪ್ಪತ್ತು, ಐದು ಗೊತ್ತಿದ್ದರೆ ಎಪ್ಪತ್ತೈದು ತಾನಾಗಿ ಬರುತ್ತದೆ. ಹಿಂದಿಯ ಹಾಗೆ ನೂರರವರೆಗೆ ಒಂದೊಂದು ಹೆಸರನ್ನೂ ಬೇರೆಯಾಗಿ ನೆನಪಿಡಬೇಕಾಗಿಲ್ಲ. ಮೂವತ್ತರಿಂದ ತೊಂಬತ್ತರವರೆಗೆ ಏಳು ಹೊಸ ಹೆಸರು ಕಲಿತರೆ ಸಾಕು. ಅವಳು ಎರಡು ದಿನದಲ್ಲಿ ಕಲಿತಳು.

ಗಡಿಯಾರದ ವಿಷಯಕ್ಕೂ ಅಪ್ಪನೇ ಉಪಾಯ ಕಂಡುಹಿಡಿದರು. “ಕುಕ್ಕರ್ ಕೂಗೋವರೆಗೆ ಟೈಮು” ಎಂದರು. ಸಂಜೆ ಅನ್ನಕ್ಕಿಟ್ಟಾಗ ಆಟ ಶುರು, ಸೀಟಿ ಬಂದರೆ ಪೆನ್ಸಿಲ್ ಕೆಳಗೆ. ಸೀಟಿ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಸೆಕೆಂಡು ನೋಡುತ್ತ ಹೆದರುವ ಪ್ರಶ್ನೆಯೂ ಇಲ್ಲ. ಒಂದು ವಾರ ಅನ್ನ ಸ್ವಲ್ಪ ಹೆಚ್ಚೇ ಬೆಂದಿತು. ಎರಡನೇ ವಾರ ಮಗಳೇ ಫೋನಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟಳು.

ಕನ್ನಡಕ್ಕೆ ನಿಯಮ

ಅಕ್ಷರದ ಸುತ್ತು ಮಾತ್ರ ನಮ್ಮನ್ನು ಕಾಡಿತು. ಮೊದಲು ವರ್ಣಮಾಲೆಯ 49 ಅಕ್ಷರಗಳನ್ನೂ ರಟ್ಟಿನ ಚೂರುಗಳ ಮೇಲೆ ಬರೆದೆವು. ಪದ ಹುಟ್ಟಲಿಲ್ಲ. ಕನ್ನಡದಲ್ಲಿ ಬಿಡಿ ಸ್ವರ ಬರುವುದು ಸಾಮಾನ್ಯವಾಗಿ ಪದದ ಮೊದಲಿಗೆ ಮಾತ್ರ, ಉಳಿದೆಡೆ ಅದು ವ್ಯಂಜನದೊಳಗೆ ಸೇರಿಕೊಂಡಿರುತ್ತದೆ. ಪೂರ್ತಿ ಕಾಗುಣಿತವನ್ನೇ ಬರೆಯೋಣವೆಂದರೆ ನಾನೂರಕ್ಕೂ ಹೆಚ್ಚು ಚೂರುಗಳಾಗುತ್ತವೆ, ಕೈಗೆ ‘ಖೌ’ ಬಂದರೆ ಅದನ್ನಿಟ್ಟುಕೊಂಡು ಏನು ಮಾಡುವುದು? ಕೊನೆಗೆ ನಿಂತ ನಿಯಮ ಇದು: ಏಳು ವ್ಯಂಜನ ಎತ್ತಬೇಕು, ಸ್ವರಚಿಹ್ನೆ ಯಾವುದನ್ನಾದರೂ ಸೇರಿಸಿಕೊಳ್ಳಬಹುದು, ಒಂದು ವ್ಯಂಜನಕ್ಕೆ ಒಂದು ಅಂಕ. ಕ, ನ, ರ, ಲ, ತ, ಮ, ಸ ಮೊದಲಾದವುಗಳನ್ನು ಹೆಚ್ಚು ಬರೆದುಕೊಂಡೆವು. ಮಹಾಪ್ರಾಣಗಳು ಒಂದೊಂದೇ ಸಾಕು.

ಇನ್ನೊಂದು ತೊಡಕು, ವಿಭಕ್ತಿ. ಇಂಗ್ಲಿಷಿನಲ್ಲಿ ಬಹುವಚನದ ‘ಎಸ್’ ಸೇರಿಸಿ ಒಂದು ಅಂಕ ಗಿಟ್ಟಿಸಬಹುದು. ಕನ್ನಡದಲ್ಲಿ ಅದಕ್ಕೆ ಬಾಗಿಲು ತೆರೆದರೆ ‘ಮನೆ’ ಮನೆಗಳಾಗಿ, ಮನೆಗಳಿಂದಾಗಿ, ಮನೆಗಳಿಂದಲೂ ಆಗಿ ರೈಲಿನಂತೆ ಬೆಳೆಯುತ್ತದೆ. ಹಾಗಾಗಿ ನಿಘಂಟಿನಲ್ಲಿ ತಲೆಪದವಾಗಿ ಇರುವುದಷ್ಟೇ ಸಲ್ಲುತ್ತದೆ ಎಂದು ಒಪ್ಪಿಕೊಂಡೆವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ವಿಮಾನದಲ್ಲಿ ಹೊತ್ತು ತರಲಾಗುವುದಿಲ್ಲ. ಅಪ್ಪ ತಂದ ಕಿರು ನಿಘಂಟು, ಮತ್ತು ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ‘ಅಲರ್’ ನಿಘಂಟು ನಮ್ಮ ಆಧಾರ. ತೀರ್ಪುಗಾರ್ತಿ ನಾನು.

ಫೈನಲ್

ರಜೆಯ ಕೊನೆಯ ಶನಿವಾರ. ಮೂರು ಅಕ್ಷರದ ಸುತ್ತು, ಮೂರು ಅಂಕಿಯ ಸುತ್ತು, ಕೊನೆಗೆ ಕಲಸಿದ ಪದ. ಟಿ.ವಿ.ಯಲ್ಲಿ ಹೆಚ್ಚು ಪಡೆದವರಿಗಷ್ಟೇ ಅಂಕ, ನಮ್ಮಲ್ಲಿ ಇಬ್ಬರಿಗೂ. ಬಹುಮಾನ, ಅಪ್ಪ ತಂದ ಆ ಕಿರು ನಿಘಂಟೇ.

ಪಂದ್ಯಕ್ಕೆ ಮೊದಲು ಅಪ್ಪನನ್ನು ಅಡುಗೆಮನೆಗೆ ಕರೆದು ಹೇಳಿದೆ: “ಅಪ್ಪ, ಸ್ವಲ್ಪ ನೋಡಿಕೊಂಡು ಆಡು. ಗೆಲ್ಲಲಿ ಅವಳು.”

ಅಪ್ಪ ಕನ್ನಡಕದ ಮೇಲಿಂದ ನೋಡಿದರು. “ನಾನು ಬೇಕಂತ ಸೋತ್ರೆ ಅವಳಿಗೆ ಗೊತ್ತಾಗಲ್ವಾ? ನನ್ನ ಮೊಮ್ಮಗಳು ದಡ್ಡಿ ಅಂದ್ಕೊಂಡ್ಯಾ?”

ಮೊದಲ ಅಕ್ಷರಗಳು: ಕ, ನ, ರ, ಲ, ಮ, ಡ, ಸ. ಅಪ್ಪ ‘ಸರಮಾಲೆ’ ಎಂದರು, ನಾಲ್ಕು ಅಂಕ. ಮಗಳು ಹೆಮ್ಮೆಯಿಂದ ‘ಕಡಲಿನ’ ಎಂದಳು. ಅವಳದೂ ನಾಲ್ಕು ವ್ಯಂಜನ. ನನ್ನ ಎದೆ ಧಸಕ್ಕೆಂದಿತು. ನಿಘಂಟಿನಲ್ಲಿರುವುದು ‘ಕಡಲು’. ‘ಕಡಲಿನ’ ಎಂದರೆ ಷಷ್ಠೀ ವಿಭಕ್ತಿ. ಹಿಂದಿನ ವಾರ ಅಪ್ಪನ ‘ಮರದ’ ಎಂಬುದನ್ನು ಇದೇ ಕಾರಣಕ್ಕೆ ತಳ್ಳಿಹಾಕಿದ್ದೆ. “ಸಲ್ಲೋದಿಲ್ಲ ಪುಟ್ಟಿ” ಎಂದೆ. ಅವಳ ತುಟಿ ನಡುಗಿತು. ಸೊನ್ನೆ.

ಎರಡನೆಯದರಲ್ಲಿ ಅಪ್ಪನಿಗೆ ನಾಲ್ಕು, ಅವಳಿಗೆ ಮೂರು. ಮೂರನೆಯದರಲ್ಲಿ ಐದು, ನಾಲ್ಕು. ಅಂಕಿಯ ಮೂರೂ ಸುತ್ತಿನಲ್ಲಿ ಅಪ್ಪ ಗುರಿ ಮುಟ್ಟಿದರು. ಅವಳು ಮೊದಲು ಐದು, ಆಮೇಲೆ ಏಳು ಪಡೆದಳು. ಮೂರನೆಯ ಸಲ ಪೆನ್ಸಿಲ್ ಕೆಳಗಿಟ್ಟು ಬಾಯಲ್ಲೇ ಗುನುಗಿದ್ದು ನನಗೆ ಕೇಳಿಸಿತು: “ಆರು ಮುಕ್ಕಾಲು ನಾಲ್ಕೂವರೆ...” ಗಡಿಯಾರ ಎದುರಿಗೇ ಓಡುತ್ತಿತ್ತು. ಅವಳು ಅದರ ಕಡೆ ನೋಡಲೇ ಇಲ್ಲ. ಸರಿಯಾದ ಉತ್ತರ, ಹತ್ತು ಅಂಕ.

ಒಟ್ಟು: ಅಜ್ಜ 43, ಮೊಮ್ಮಗಳು 29.

“ಹದಿನಾಲ್ಕು ಕಮ್ಮಿ. ಉಳಿದಿರೋದು ಹತ್ತೇ. ಇನ್ನು ಗೆಲ್ಲೋಕಾಗಲ್ಲ” ಎಂದಳು. ಈಗ ಎದ್ದು ಕೋಣೆಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡು “ಆದ್ರೂ ಇಡಮ್ಮ” ಎಂದಳು.

ನನ್ನ ಗಂಡ ಚೀಟಿ ತಿರುಗಿಸಿದರು: ಮ, ಗಿ, ರ, ಲ, ನೀ, ರಿ. ಅಪ್ಪ ‘ಗಿರಿ’ ಹಿಡಿದುಕೊಂಡು ಬೆಟ್ಟದ ಹೆಸರುಗಳನ್ನೆಲ್ಲ ಸುತ್ತುತ್ತಿದ್ದರು. ಹತ್ತು ಸೆಕೆಂಡೂ ಆಗಿರಲಿಲ್ಲ, ಮಗಳು ಮೇಜು ಕುಟ್ಟಿದಳು. “ನೀಲಗಿರಿಮರ!”

ಬಂದ ಮೊದಲ ದಿನ ವಿಶ್ವವಿದ್ಯಾನಿಲಯದ ಕೆರೆಯ ಬಳಿ ಸುತ್ತಾಡುವಾಗ ಅಪ್ಪ ಒಂದು ಎಲೆ ಹಿಸುಕಿ ಅವಳ ಮೂಗಿಗೆ ಹಿಡಿದಿದ್ದರು. “ಇದು ನಮ್ಮೂರಲ್ಲೂ ಇದೆ, ನೀಲಗಿರಿ ಅಂತೀವಿ” ಎಂದಿದ್ದರು. ಶಾಲೆಯಲ್ಲಿ ಅವಳು ಗಮ್ ಟ್ರೀ ಎಂದೇ ಕರೆಯುವ ಮರ ಅದು. ಮೂಲ ಈ ದೇಶದ್ದೇ, ನಮ್ಮ ಕಡೆ ಹೋಗಿ ಬೆಟ್ಟದ ಹೆಸರು ಪಡೆದುಕೊಂಡಿತು.

43–39. ಅಪ್ಪ ಗೆದ್ದರು. ನಿಘಂಟು ಅವರ ಚೀಲಕ್ಕೇ ವಾಪಸು ಹೋಯಿತು, ಮೊಮ್ಮಗಳಿಗೆ ಕೊಟ್ಟುಬಿಡಲಿಲ್ಲ. “ಮುಂದಿನ ಸಲ ಗೆದ್ದು ತಗೋ” ಎಂದರು. ರಾತ್ರಿ ಹಾಸಿಗೆಯಲ್ಲಿ ಅವಳು ಲೆಕ್ಕ ಹಾಕಿ ಹೇಳಿದಳು: “ಅಮ್ಮ, ಕಡಲಿನ ಕೊಟ್ಟಿದ್ರೆ ಟೈ ಆಗ್ತಿತ್ತು.” ಹೌದು, ಸರಿಯಾಗಿ ನಾಲ್ಕು ಅಂಕ. ನನಗೂ ನಿದ್ದೆ ಬರಲಿಲ್ಲ. ಆದರೆ ಕೊಟ್ಟಿದ್ದರೆ ಆ ನಲವತ್ಮೂರನ್ನು ಅವಳು ತನ್ನದೆಂದುಕೊಳ್ಳುತ್ತಿದ್ದಳೇ? ಮೂವತ್ತೊಂಬತ್ತು ಮಾತ್ರ ಪೂರ್ತಿ ಅವಳದ್ದೇ.

ಅಪ್ಪ ಊರಿಗೆ ಹೋಗಿ ತಿಂಗಳಾಯಿತು. ಈಗ ಶನಿವಾರ ಸಂಜೆ ಆರಕ್ಕೆ, ಅಲ್ಲಿನ ಒಂದೂವರೆಗೆ, ವಿಡಿಯೋ ಕರೆಯಲ್ಲಿ ಆಟ. ಅಪ್ಪ ಮಧ್ಯಾಹ್ನದ ನಿದ್ದೆ ಬಿಟ್ಟಿದ್ದಾರೆ. ಇನ್ನೂ ಅವರೇ ಗೆಲ್ಲುತ್ತಿದ್ದಾರೆ. ಮೊನ್ನೆ ಅಂತರ ಎರಡೇ ಇತ್ತು.

ನಿಮ್ಮ ಮನೆಯಲ್ಲೂ ಆಡಿ ನೋಡಿ. ರಟ್ಟು, ಪೆನ್ಸಿಲ್, ಒಂದು ನಿಘಂಟು ಇದ್ದರೆ ಸಾಕು. ಗಡಿಯಾರಕ್ಕೆ ಮಗು ಹೆದರಿದರೆ ಕುಕ್ಕರ್ ಇಡಿ. ಊರಿನ ಅಜ್ಜ ಅಜ್ಜಿಯನ್ನು ಎದುರಾಳಿಯಾಗಿ ಕರೆಯಿರಿ. ಬೇಕೆಂದು ಸೋಲಬಾರದು ಎಂದು ಅವರಿಗೆ ಮೊದಲೇ ಹೇಳಿಬಿಡಿ.