ಕೋಳಿ ಮೊದಲಾ, ಮೊಟ್ಟೆ ಮೊದಲಾ? ಗೂಡು ಮೊದಲು ಕಣ್ರೀ!

ಕೋಳಿ ಸಾಕೋಣ ಅಂತ ತೀರ್ಮಾನಿಸಿದ ದಿನ ನಾನು ಮಾಡಿದ ಮೊದಲ ಕೆಲಸ ಎಕ್ಸೆಲ್ ಶೀಟ್ ತೆರೆದದ್ದು. ಒಂದು ಕಾಲಮ್‌ನಲ್ಲಿ ತಳಿ, ಇನ್ನೊಂದರಲ್ಲಿ ವರ್ಷಕ್ಕೆ ಎಷ್ಟು ಮೊಟ್ಟೆ, ಮತ್ತೊಂದರಲ್ಲಿ ತೂಕ. ಎರಡು ವಾರ ಇದೇ ಆಯ್ತು. ಗೂಡಿನ ಬಗ್ಗೆ ಯೋಚಿಸಿದ್ದು ಮಾತ್ರ ಹೆಚ್ಚೆಂದರೆ ಹತ್ತು ನಿಮಿಷ. ಆ ಅವಸರಕ್ಕೆ ನಾಲ್ಕು ಕೋಳಿ ಹೋದವು.

ನಮ್ಮದು ಕುಣಿಗಲ್ ಕಡೆಯ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ ಒಬ್ಬಳೇ. ನನಗೆ ವಾರದಲ್ಲಿ ಮೂರು ದಿನ ಬೆಂಗಳೂರಿನ ಆಫೀಸು, ಉಳಿದ ದಿನ ಊರಿಂದಲೇ ಕೆಲಸ. "ನಾಲ್ಕು ಕೋಳಿ ಇದ್ದಿದ್ರೆ ಮನೆ ಮುಂದೆ ಏನೋ ಓಡಾಡ್ತಾ ಇರೋದು ಕಣೋ" ಅಂತ ಅಮ್ಮ ಒಂದು ಸಂಜೆ ಅಂದಳು. ಅಷ್ಟು ಸಾಕಾಯ್ತು. ಹತ್ತು ಗಿರಿರಾಜ ಪಿಳ್ಳೆ ತಂದೆ. ಆನ್‌ಲೈನ್‌ನಲ್ಲಿ ಮುದ್ದಾದ ಮರದ ಗೂಡು ತರಿಸಿದೆ. ಹತ್ತು ಕೋಳಿಗೆ ಸಾಕು ಅಂತ ಬರೆದಿದ್ದರು.

ನಾಲ್ಕನೇ ತಿಂಗಳ ಹೊತ್ತಿಗೆ ಒಂದೊಂದು ಕೋಳಿ ಎರಡು ಕೆ.ಜಿ. ದಾಟಿತ್ತು. ಗೂಡಿನಲ್ಲಿ ಕಾಲಿಡೋಕೆ ಜಾಗ ಇಲ್ಲದೆ ಜಾಲರಿಗೆ ಒತ್ತಿಕೊಂಡು ಮಲಗುತ್ತಿದ್ದವು. ಒಂದು ಗುರುವಾರ ಬೆಳಗ್ಗೆ ಐದೂವರೆಗೆ ಅಮ್ಮನ ಫೋನು. ರಾತ್ರಿ ಏನೋ ಬಂದು ಮೂಲೆಯ ಜಾಲರಿ ಹರಿದು ನಾಲ್ಕನ್ನು ಕೊಂದಿತ್ತು. ಪುನುಗು ಬೆಕ್ಕು ಇರಬೇಕು ಅಂದರು ಪಕ್ಕದ ಮನೆಯವರು. "ನಾನು ಮಲಗೇ ಇದ್ದೆ, ನಂಗೆ ಗೊತ್ತೇ ಆಗ್ಲಿಲ್ಲ" ಅಂತ ಅಮ್ಮ ಮತ್ತೆ ಮತ್ತೆ ಹೇಳುತ್ತಿದ್ದಳು. ತಪ್ಪು ನನ್ನದು, ನೊಂದುಕೊಂಡದ್ದು ಅವಳು.

ಅದಕ್ಕೇ ಮೊದಲ ಸಲ ಕೋಳಿ ಸಾಕುವವರಿಗೆ ನನ್ನದೊಂದೇ ಮಾತು: ಗೂಡು ಕಟ್ಟಿ ಮುಗಿಸಿ, ಆಮೇಲೆ ಪಿಳ್ಳೆ ತನ್ನಿ.

ಗೂಡು ಹೇಗಿರಬೇಕು?

ಮೊದಲು ಜಾಗದ ಲೆಕ್ಕ. ರಾತ್ರಿ ಮಾತ್ರ ಒಳಗಿರುವ ದೊಡ್ಡ ಕೋಳಿಗೂ ತಲಾ ಎರಡು ಚದರಡಿ ಬೇಕು. ಹತ್ತು ಕೋಳಿಗೆ ಇಪ್ಪತ್ತು ಚದರಡಿ. ನನ್ನ ಮುದ್ದಾದ ಗೂಡನ್ನು ಟೇಪ್ ಹಿಡಿದು ಅಳೆದರೆ ಎಂಟು ಚದರಡಿಯೂ ಇರಲಿಲ್ಲ. ಹಾಗಾಗಿ ಎಷ್ಟು ಕೋಳಿಗೆ ಅಂತ ಬರೆದದ್ದನ್ನು ಬಿಡಿ, ಉದ್ದ ಅಗಲ ಎಷ್ಟು ಅಂತ ನೋಡಿ.

ಎರಡನೆಯದು ಜಾಲರಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆರು ಮೂಲೆ ಕಣ್ಣಿನ ತೆಳು ತಂತಿಯ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೆ. ನಾಯಿ, ಕಾಡುಬೆಕ್ಕು, ಪುನುಗು ಒಳಗೆ ಬರದಂತೆ ತಡೆಯುವ ತಾಕತ್ತು ಅದಕ್ಕಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿಸಿ. ಹಾವು, ಹೆಗ್ಗಣಕ್ಕೂ ಅದೇ ಮದ್ದು. ಬಾಗಿಲಿಗೆ ಎರಡು ಚಿಲಕ ಇರಲಿ, ಒಂದು ಮೇಲೆ, ಒಂದು ಕೆಳಗೆ.

ಮೂರನೆಯದು ಗಾಳಿ. ಕಳ್ಳ ಪ್ರಾಣಿಗಳ ಭಯಕ್ಕೆ ನಾಲ್ಕೂ ಕಡೆ ಹಲಗೆ ಹೊಡೆದರೆ ಇನ್ನೊಂದು ತೊಂದರೆ. ಹಿಕ್ಕೆಯಿಂದ ಬರುವ ಅಮೋನಿಯಾ ಒಳಗೇ ನಿಲ್ಲುತ್ತದೆ. ಬೆಳಗ್ಗೆ ಗೂಡಿನೊಳಗೆ ತಲೆ ಹಾಕಿದಾಗ ನಿಮ್ಮ ಕಣ್ಣು ಉರಿದರೆ ಕೋಳಿಯ ಶ್ವಾಸಕೋಶಕ್ಕೂ ಅದೇ ಗತಿ. ಗೂಡಿನ ಉದ್ದ ಪೂರ್ವ–ಪಶ್ಚಿಮಕ್ಕೆ ಇರಲಿ, ಆಗ ಬೆಳಗ್ಗೆ ಸಂಜೆಯ ಬಿಸಿಲು ನೇರ ಒಳಗೆ ನುಗ್ಗಲ್ಲ. ಉದ್ದದ ಗೋಡೆಗಳ ಮೇಲರ್ಧ ಮೆಶ್ ಸಾಕು. ಮಳೆ ಎರಚಲು ಬಡಿಯದ ಹಾಗೆ ಮಾಡಿನ ಶೀಟು ಎರಡಡಿ ಮುಂದಕ್ಕೆ ಚಾಚಿರಲಿ.

ಉಳಿದದ್ದು ಸಣ್ಣಪುಟ್ಟ, ಆದರೆ ಬಿಡುವಂಥದ್ದಲ್ಲ. ಗೂಡು ನೆಲದಿಂದ ಎರಡಡಿ ಮೇಲಿರಲಿ. ಒಳಗೆ ಎರಡು ಮೂರು ಇಂಚು ಭತ್ತದ ಹೊಟ್ಟು ಹರಡಿ, ಆಗಾಗ ಕೆದಕಿ, ಒದ್ದೆಯಾದದ್ದನ್ನು ತೆಗೆಯಿರಿ. ತೆಗೆದದ್ದು ತೆಂಗಿನ ಬುಡಕ್ಕೆ ಗೊಬ್ಬರ. ಕೋಳಿ ಕೂತು ಮಲಗಲು ಬೊಂಬಿನ ಗಳ ಕಟ್ಟಿ, ಒಂದಕ್ಕೆ ಸುಮಾರು ಎಂಟು ಇಂಚು ಜಾಗ. ನಾಲ್ಕೈದು ಹೇಂಟೆಗೆ ಒಂದರಂತೆ ಮೊಟ್ಟೆ ಇಡುವ ಡಬ್ಬ ಸಾಕು. ಮಲಗುವ ಗಳ ಡಬ್ಬಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಡಬ್ಬದಲ್ಲೇ ಮಲಗಿ ಮೊಟ್ಟೆ ಕೊಳೆ ಮಾಡುತ್ತವೆ.

ನಮ್ಮ ಎರಡನೇ ಗೂಡು ಆರಡಿ ಉದ್ದ, ನಾಲ್ಕಡಿ ಅಗಲ. ಊರಿನ ವೆಲ್ಡರ್ ಹತ್ತಿರ ಮಾಡಿಸಿದ್ದು. ನೋಡೋಕೆ ಚೆಂದ ಇಲ್ಲ, ಇನ್‌ಸ್ಟಾಗ್ರಾಮ್‌ಗೆ ಆಗಲ್ಲ. ಆದರೆ ಇಂದಿನವರೆಗೆ ಒಂದು ಕೋಳಿಯೂ ಹೋಗಿಲ್ಲ.

ಯಾವ ತಳಿ?

ಶೀಟ್‌ನಲ್ಲಿ ಯಾವುದಕ್ಕೆ ಜಾಸ್ತಿ ಅಂಕ ಬಂತು ಅನ್ನೋದಕ್ಕಿಂತ ನಿಮಗೇನು ಬೇಕು, ದಿನಾ ನೋಡಿಕೊಳ್ಳುವವರು ಯಾರು, ಅಂಗಳ ಎಂಥದ್ದು ಅನ್ನೋದು ಮುಖ್ಯ.

ನಾಟಿ: ವರ್ಷಕ್ಕೆ ಅರುವತ್ತು ಎಪ್ಪತ್ತು ಮೊಟ್ಟೆ ಅಷ್ಟೆ. ಆದರೆ ಚುರುಕು. ಹದ್ದಿನ ನೆರಳು ಬಿದ್ದರೆ ಬೇಲಿ ಸಂದಿಗೆ ಓಡುತ್ತದೆ, ಮರ ಹತ್ತುತ್ತದೆ. ಕಾವು ಕೂತು ಮರಿ ಮಾಡಿ ಸಾಕುತ್ತದೆ.

ಗಿರಿರಾಜ: ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ತಳಿ. ಬೇಗ ತೂಕ ಬರುತ್ತದೆ, ವರ್ಷಕ್ಕೆ 130–150 ಮೊಟ್ಟೆ. ಮೈ ಭಾರ, ಹಾಗಾಗಿ ಅಪಾಯ ಬಂದಾಗ ಓಡಿ ಹಾರಿ ತಪ್ಪಿಸಿಕೊಳ್ಳುವುದು ಕಷ್ಟ.

ಸ್ವರ್ಣಧಾರಾ: ಇದೂ ಹೆಬ್ಬಾಳದ್ದೇ. ಮೊಟ್ಟೆ ವರ್ಷಕ್ಕೆ 180ರ ಆಸುಪಾಸು. ಗಿರಿರಾಜಕ್ಕಿಂತ ಮೈ ಸ್ವಲ್ಪ ಸಣ್ಣದು, ತಪ್ಪಿಸಿಕೊಳ್ಳುವುದರಲ್ಲಿ ವಾಸಿ.

ವನರಾಜ, ಗ್ರಾಮಪ್ರಿಯ: ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ತಳಿಗಳು. ವನರಾಜ ಮಾಂಸಕ್ಕೂ ಮೊಟ್ಟೆಗೂ. ಗ್ರಾಮಪ್ರಿಯದ ಒಲವು ಮೊಟ್ಟೆಯ ಕಡೆಗೆ.

ಕಡಕ್‌ನಾಥ್: ಮಧ್ಯಪ್ರದೇಶದ ಝಾಬುವಾದ ಕಪ್ಪು ಕೋಳಿ, 2018ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಹೆಸರು, ರೇಟು ಎರಡೂ ದೊಡ್ಡದು, ಮೊಟ್ಟೆ ಕಡಿಮೆ. ಮೊದಲ ಸಲಕ್ಕೆ ಬೇಡ ಅನ್ನೋದು ನನ್ನ ಅಭಿಪ್ರಾಯ.

ಹೊಸಬರಿಗೆ ನನ್ನ ಸಲಹೆ: ಆರು ಸ್ವರ್ಣಧಾರಾ ಅಥವಾ ಗ್ರಾಮಪ್ರಿಯ, ಜೊತೆಗೆ ಎರಡು ನಾಟಿ ಹೇಂಟೆ. ಮೊಟ್ಟೆ ಅವು ಇಡಲಿ, ಕಾವು ಇವು ಕೂರಲಿ. ಸುಧಾರಿತ ತಳಿಯ ಮೊಟ್ಟೆಯನ್ನೇ ಮರಿ ಮಾಡಿಸಿದರೆ ಮಕ್ಕಳಿಗೆ ತಾಯಿಯ ಗುಣವೆಲ್ಲ ಬರುವುದಿಲ್ಲ ಅನ್ನೋದು ಮಾತ್ರ ನೆನಪಿರಲಿ.

ಸೈಟಿನಲ್ಲಿ ಅಕ್ಕಪಕ್ಕ ಮನೆಗಳಿದ್ದರೆ ಹುಂಜ ಬೇಡವೇ ಬೇಡ. ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ! ನನ್ನ ಟೀಮಿನಲ್ಲಿ ಅರ್ಧ ಜನಕ್ಕೆ ಇದು ಗೊತ್ತಿರಲಿಲ್ಲ. ಆ ಮೊಟ್ಟೆಯಿಂದ ಮರಿ ಆಗಲ್ಲ, ಆಮ್ಲೆಟ್‌ಗೆ ಏನೂ ತೊಂದರೆಯಿಲ್ಲ.

ಪಿಳ್ಳೆ ತರುವಾಗ

ಒಂದು ದಿನದ ಮರಿ ಅಗ್ಗ. ಆದರೆ ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರವಾರ ಇಳಿಸುತ್ತಾ ಬರಬೇಕು. ಇದಕ್ಕೆ ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಸಿಗುತ್ತದೆ, ಶಾಖ ಸಿಗಲ್ಲ. ಹಳೇ ಕಾಲದ ಬಿಸಿಯಾಗುವ ಬಲ್ಬೇ ಬೇಕು. ಕೆಲಸಕ್ಕೆ ಹೋಗುವವರಿಗೆ ಇದೆಲ್ಲ ರಗಳೆ. ಐದಾರು ವಾರ ಬೆಳೆದ ಪಿಳ್ಳೆ ದುಡ್ಡು ಜಾಸ್ತಿಯಾದರೂ ಲೇಸು. ತರುವಾಗ ಕೊಕ್ಕರೆ ರೋಗದ ಲಸಿಕೆ ಯಾವಾಗ ಹಾಕಿದ್ದಾರೆ ಅಂತ ಕೇಳಿ ಬರೆದುಕೊಳ್ಳಿ. ಅದು ಬಂದರೆ ಇಡೀ ಹಿಂಡೇ ಹೋಗಬಹುದು. ಮುಂದಿನ ಡೋಸ್ ಯಾವಾಗ ಅಂತ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಹೊಸ ಪಿಳ್ಳೆಗಳನ್ನು ಮೊದಲ ವಾರ ಹೊರಗೆ ಬಿಡಬೇಡಿ, ಗೂಡೇ ಮನೆ ಅಂತ ಅವಕ್ಕೆ ಗೊತ್ತಾಗಲಿ. ಆಮೇಲೆ ಹಗಲೆಲ್ಲ ಮೇಯಲಿ. ಸಂಜೆ ಒಂದು ಹಿಡಿ ರಾಗಿಯೋ ನುಚ್ಚೋ ಗೂಡಿನೊಳಗೇ ಹಾಕಿ. ಕತ್ತಲಾಗುವ ಮೊದಲು ಕರೆಯದೇ ಬರುತ್ತವೆ. ಮೊಟ್ಟೆಗೆ ಮಾತ್ರ ಅವಸರ ಬೇಡ, ಐದಾರು ತಿಂಗಳು ಕಾಯಬೇಕು.

ಉಳಿದಿದ್ದ ಆರು ಗಿರಿರಾಜದ ಜೊತೆಗೆ ಎರಡು ನಾಟಿ ಹೇಂಟೆಯನ್ನು ಅಮ್ಮ ತಾನೇ ಸಂತೆಯಿಂದ ಆರಿಸಿ ತಂದಳು. ನನ್ನ ಎಕ್ಸೆಲ್ ಶೀಟ್ ಕೇಳಲೇ ಇಲ್ಲ. ಕಣ್ಣು ನೋಡಿದಳು, ಕಾಲು ನೋಡಿದಳು, ಎತ್ತಿ ತೂಗಿದಳು, ಅಷ್ಟೇ.

ನಾನು ಬೆಂಗಳೂರಿನಲ್ಲಿರುವ ದಿನ ರಾತ್ರಿ ಏಳಕ್ಕೆ ವಿಡಿಯೋ ಕಾಲ್ ಬರುತ್ತದೆ. ಮೊದಲೆಲ್ಲ "ಊಟ ಆಯ್ತಾ" ಅಂತ ಶುರುವಾಗುತ್ತಿತ್ತು. ಈಗ ಫೋನಿನ ಟಾರ್ಚ್ ಬೆಳಕು ನೇರ ಗೂಡಿನ ಬಾಗಿಲಿಗೆ. "ನೋಡ್ಕೋ, ಎರಡೂ ಚಿಲಕ ಹಾಕಿದೀನಿ. ಎಂಟೂ ಒಳಗವೆ." ಆಮೇಲೆ ಊಟದ ವಿಚಾರ.